ವೇದಿಕೆಯ ಮೇಲೆ ಮಕ್ಕಳು, ರೈಲಿನಲ್ಲಿ ಪ್ರೇಕ್ಷಕರು

ಶಾಲಾ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯನ್ನು ಇಲ್ಲಿರುವ ಎಲ್ಲರೂ ಕಂಡಿದ್ದೀರಿ. ಪ್ರಾರ್ಥನೆ, ಸ್ವಾಗತ, ಜ್ಯೋತಿ ಬೆಳಗುವುದು, ವರದಿ ವಾಚನ, ಬಹುಮಾನ ವಿತರಣೆ, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಇಷ್ಟಾದ ಮೇಲೆ ಒಂದು ಗೆರೆ. ಗೆರೆಯ ಕೆಳಗೆ, ‘ನಂತರ ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ’. ವಂದನೆ ಅರ್ಪಿಸಿ ಆದಮೇಲೆ ಬರುವುದೆಂದರೆ ಸಭೆ ಮುಗಿದ ಮೇಲೆ ಬರುವುದು ಎಂದೇ ಅರ್ಥ. ಮುಖ್ಯ ಅತಿಥಿಗಳು ಅಷ್ಟು ಹೊತ್ತಿಗೆ ಕಾರು ಹತ್ತಿರುತ್ತಾರೆ. ಮಧ್ಯಾಹ್ನ ನಾಲ್ಕಕ್ಕೇ ಬಣ್ಣ ಹಚ್ಚಿಸಿಕೊಂಡು, ಬಾಡಿಗೆಗೆ ತಂದ ಉಡುಪು ಸುಕ್ಕಾಗಬಾರದೆಂದು ಕೂರದೆ ನಿಂತೇ ಇದ್ದ ಮಕ್ಕಳು ರಾತ್ರಿ ಎಂಟಕ್ಕೆ ವೇದಿಕೆ ಹತ್ತುತ್ತಾರೆ. ಅವರನ್ನು ನೋಡಲು ಉಳಿದವರು ಯಾರು, ಅವರು ನೋಡುವುದು ಏನನ್ನು ಎಂಬುದು ಈ ಮಾತುಗಳ ವಿಷಯ.

ಕಲಿತು ಮುಗಿಸಿದವರ ಹಾಡನ್ನೋ ಕುಣಿತವನ್ನೋ ನೋಡುವುದು ಒಂದು ಬಗೆ. ವಿದ್ವಾಂಸರ ಕಛೇರಿಗೆ ಹೋದವನು ತನ್ನ ಹೊತ್ತಿಗೆ ತಕ್ಕ ಸುಖ ಸಿಗಲೆಂದು ಕೂರುತ್ತಾನೆ, ಸಿಗದಿದ್ದರೆ ಗೊಣಗುತ್ತಾ ಎದ್ದು ಹೋಗುತ್ತಾನೆ. ಅದು ಅವನ ಹಕ್ಕು. ಇನ್ನೂ ಕಲಿಯುತ್ತಿರುವವರ ಎದುರು ಕೂತವನ ಕೆಲಸ ಬೇರೆ. ಅವನು ಎರಡು ಕಾಲವನ್ನು ಒಟ್ಟಿಗೆ ನೋಡಬೇಕು. ಹೋದ ವರ್ಷ ಈ ಹುಡುಗಿಯ ದನಿ ಎಲ್ಲಿ ನಡುಗುತ್ತಿತ್ತು, ಈ ಸಲ ಎಲ್ಲಿ ನಿಂತಿದೆ ಎಂಬುದು ಗೊತ್ತಿದ್ದರೆ ಮಾತ್ರ ಆ ಹಾಡು ಅವನಿಗೆ ಪೂರ್ತಿ ಕೇಳಿಸುತ್ತದೆ. ಒಂದೇ ಒಂದು ಸಲ ಬಂದು ನೋಡಿ ಹೋದವನಿಗೆ ಸಾಧಾರಣವಾದ ಒಂದು ಹಾಡು ಕೇಳಿಸಿರುತ್ತದೆ, ಅಷ್ಟೆ. ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಬೇಕಾದದ್ದು ಮತ್ತೆ ಮತ್ತೆ ಬರುವ ಪ್ರೇಕ್ಷಕ. ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ ಅಂಥ ಪ್ರೇಕ್ಷಕ ಇದ್ದ. ಅವನು ಹೇಗೆ ಇದ್ದ, ಈಗ ಎಲ್ಲಿ ಹೋದ ಎಂಬುದನ್ನು ತಿಳಿಯದೆ ಈಚಿನ ಮಕ್ಕಳಿಗೆ ಕಲೆಯಲ್ಲಿ ಆಸಕ್ತಿಯಿಲ್ಲ, ಪೋಷಕರಿಗೆ ಅಭಿರುಚಿಯಿಲ್ಲ ಎಂದು ಬೈಯುವುದು ಸುಲಭ. ಆದರೆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಮೊದಲು ಹಳ್ಳಿಯ ಕಡೆಯಿಂದ ಬರೋಣ. ಶಾಲೆಗಳು ವಾರ್ಷಿಕೋತ್ಸವ ಮಾಡುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯಲ್ಲಿ ‘ಕೇಳಿಕೆ’ ಎಂಬ ಆಟವಿತ್ತು. ಇದು ಮೂಡಲಪಾಯ ಬಯಲಾಟದ ಬಳಗಕ್ಕೆ ಸೇರಿದ್ದು. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಗಳಲ್ಲಿ ಬಳಕೆಯಲ್ಲಿದ್ದ ಹೆಸರು. ಕರಾವಳಿಯ ಯಕ್ಷಗಾನದಂತೆ ಊರೂರು ತಿರುಗುವ ವೃತ್ತಿ ಮೇಳ ಇದಕ್ಕಿರಲಿಲ್ಲ. ಆಡುವವರು ಊರಿನವರೇ: ಉಳುವವರು, ನೇಯುವವರು, ಕುರಿ ಕಾಯುವವರು. ಅಂದರೆ ಆಡುವವರೆಲ್ಲ ಕಲಿಯುವವರೇ ಆಗಿದ್ದರು. ಸುಗ್ಗಿ ಮುಗಿದ ಮೇಲೆ ಊರವರು ಸೇರಿ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡುತ್ತಿದ್ದರು. ಅವನಿಗೆ ಊಟ, ವಸತಿ, ಕೊನೆಗೆ ಒಂದಿಷ್ಟು ದುಡ್ಡು, ಪಂಚೆ ಶಲ್ಯ. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಮುಂದೋ ಕಟ್ಟೆಯ ಮೇಲೋ ತಾಲೀಮು. ಅಕ್ಷರ ಬಾರದವನಿಗೆ ಮೇಷ್ಟ್ರು ಸಾಲನ್ನು ಬಾಯಿಂದ ಬಾಯಿಗೆ ಹೇಳಿಕೊಡಬೇಕು, ಅವನು ಒಪ್ಪಿಸಬೇಕು, ತಪ್ಪಿದರೆ ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಇದು ನಡೆಯುತ್ತಿತ್ತು.

ಇದರಲ್ಲಿ ಗಮನಿಸಬೇಕಾದದ್ದು ತಾಲೀಮಿಗೆ ಬಾಗಿಲು ಇರಲಿಲ್ಲ ಎಂಬುದನ್ನು. ಊರಿನ ಹೆಂಗಸರು ಕೆಲಸ ಮುಗಿಸಿ ಬಂದು ದೂರದಲ್ಲಿ ಕೂರುತ್ತಿದ್ದರು. ಮುದುಕರು ಕಂಬಳಿ ಹೊದ್ದು ಕೇಳುತ್ತಿದ್ದರು. ಹುಡುಗರು ಅಲ್ಲೇ ನಿದ್ದೆ ಹೋಗುತ್ತಿದ್ದರು. ಆಟದ ರಾತ್ರಿ ಬರುವ ಹೊತ್ತಿಗೆ ಭೀಮನ ಮಾತು ಭೀಮನ ಪಾತ್ರಧಾರಿಗೆ ಎಷ್ಟು ಬರುತ್ತಿತ್ತೋ ಊರಿಗೂ ಅಷ್ಟೇ ಬರುತ್ತಿತ್ತು. ಅವನು ಎಲ್ಲಿ ಎಡವುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಆ ಜಾಗ ಬಂದಾಗ ಇಡೀ ಊರು ಉಸಿರು ಬಿಗಿ ಹಿಡಿಯುತ್ತಿತ್ತು. ದಾಟಿದರೆ ಸೀಟಿ ಬೀಳುತ್ತಿತ್ತು. ಪಕ್ಕದ ಊರಿಂದ ಬಂದವರಿಗೆ ಆ ಸೀಟಿ ಏಕೆಂದು ತಿಳಿಯುತ್ತಿರಲಿಲ್ಲ. ಕಲಿಯುವವನನ್ನು ನೋಡುವ ಸರಿಯಾದ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಟದ ಕಟ್ಟುಪಾಡುಗಳು ಕೂಡ ಕಲಿಯುವವನಿಗೆ ಆಸರೆಯಾಗುವಂತೆಯೇ ಇದ್ದವು. ಪಾತ್ರ ಮೊದಲು ತೆರೆಯ ಹಿಂದೆ ಬಂದು ನಿಲ್ಲುತ್ತದೆ. ತೆರೆ ಸರಿದ ಮೇಲೆ ಸಾರಥಿ ಎಂಬುವನು ಬಂದು, ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ಕಥೆಗೆ ಇದು ಬೇಕಾಗಿಯೇ ಇಲ್ಲ, ಧರ್ಮರಾಯ ಯಾರೆಂದು ಎಲ್ಲರಿಗೂ ಗೊತ್ತು. ಆದರೆ ಮೊದಲ ಸಲ ಬಣ್ಣ ಹಚ್ಚಿ ನಿಂತು ಕಾಲು ನಡುಗುತ್ತಿರುವ ರೈತನಿಗೆ ಆ ಪ್ರಶ್ನೆಗಳು ಮೆಟ್ಟಿಲಿದ್ದಂತೆ. ಉತ್ತರ ಕೊಡುತ್ತ ಕೊಡುತ್ತ ಅವನು ಪಾತ್ರದೊಳಗೆ ಇಳಿಯುತ್ತಾನೆ. ಮುಂದೆ ಕಂಪನಿ ನಾಟಕಗಳ ಪ್ರಭಾವದಿಂದ ಕೇಳಿಕೆಯ ಜಾಗಕ್ಕೆ ಸೀನುಸೀನರಿಯ ಪೌರಾಣಿಕ ನಾಟಕ ಬಂತು. ಆಗಲೂ ಹಾರ್ಮೋನಿಯಂ ಮೇಷ್ಟ್ರು ಇದೇ ಕೆಲಸ ಮಾಡಿದರು. ಕಾಲಿನಲ್ಲಿ ತಿದಿ ಒತ್ತುತ್ತ, ಎರಡು ಕೈಯಲ್ಲಿ ನುಡಿಸುತ್ತ, ಕಣ್ಣನ್ನು ಪಾತ್ರಧಾರಿಯ ಬಾಯಿಯ ಮೇಲೆ ಇಟ್ಟಿರುತ್ತಿದ್ದರು. ಸಾಲು ಮರೆತರೆ ಸ್ವರವನ್ನು ಅಲ್ಲೇ ಹಿಡಿದು ನಿಲ್ಲಿಸಿ, ಬಾಯಿ ಮುಂದೆ ಚಾಚಿ ಮೊದಲ ಅಕ್ಷರ ಎತ್ತಿಕೊಡುತ್ತಿದ್ದರು. ಸಂಗೀತ ಆಟಗಾರನಿಗಾಗಿ ಕಾಯುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಗಣಿ. ಜಾನ್ ಟೇಲರ್ ಕಂಪನಿ 1880ರ ಸುಮಾರಿಗೆ ಇಲ್ಲಿಗೆ ಬಂದದ್ದು, 1894ರಲ್ಲಿ ಬಂಗಾರಪೇಟೆಯಿಂದ (ಆಗಿನ ಬೌರಿಂಗ್‌ಪೇಟೆ) ಮಾರಿಕುಪ್ಪಂಗೆ ರೈಲು ಕವಲು ಹಾಕಿದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಇಲ್ಲಿಯ ಗಣಿಗೆ ಬಂದದ್ದು ಎಲ್ಲ ಪಠ್ಯಪುಸ್ತಕಗಳಲ್ಲಿವೆ. ಪಠ್ಯಪುಸ್ತಕದಲ್ಲಿಲ್ಲದ್ದು ಆ ದೀಪದ ಕೆಳಗೆ ಯಾರು ಕುಣಿದರು, ಯಾರು ನೋಡಿದರು ಎಂಬುದು. ಇಂಗ್ಲಿಷರ ಮತ್ತು ಆಂಗ್ಲೋ ಇಂಡಿಯನ್ನರ ಮೋಜು ಅವರ ಕ್ಲಬ್ಬುಗಳಲ್ಲಿ ನಡೆಯುತ್ತಿತ್ತು. ಕಾರ್ಮಿಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರ ಸಂತೋಷ ‘ಲೈನು’ಗಳಲ್ಲಿ. ಸಾಲು ಮನೆಗಳ ಈ ಲೈನುಗಳಿಗೆ ಉತ್ತರ ಆರ್ಕಾಟಿನಿಂದ ಬಂದ ತಮಿಳರು ತೆರುಕ್ಕೂತ್ತಿನ ರುಚಿಯನ್ನು ಜೊತೆಗೆ ತಂದವರು; ಚಿತ್ತೂರು ಕಡೆಯ ತೆಲುಗರಿಗೆ ಬೀದಿ ನಾಟಕ ಗೊತ್ತು; ಸುತ್ತಲ ಹಳ್ಳಿಯವರಿಗೆ ಕೇಳಿಕೆ. ಮೂರೂ ಮಹಾಭಾರತವನ್ನೇ ಆಡುವ, ರಾತ್ರಿಯಿಡೀ ನಡೆಯುವ, ಬಯಲಿನ ಆಟಗಳು. ಮೂರು ಭಾಷೆಯ ಜನ ಒಬ್ಬರ ಆಟವನ್ನು ಇನ್ನೊಬ್ಬರು ನೋಡುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ದ್ರೌಪದಿಯ ಸೀರೆ ಎಳೆಯುವುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ.

ಆದರೆ ಗಣಿಯ ಊರಿಗೆ ಇನ್ನೊಂದು ಅನುಕೂಲವಿತ್ತು. ಅದನ್ನು ಯಾರೂ ಅನುಕೂಲವೆಂದು ಎಣಿಸಿದವರಲ್ಲ. ಗಣಿ ಹಗಲು ರಾತ್ರಿ ಮೂರು ಪಾಳಿಯಲ್ಲಿ ನಡೆಯುತ್ತಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಂಥ ಗಣಿಯಲ್ಲಿ ಒಂದು ತಂಡ ಕೆಳಗಿದ್ದಾಗ ಉಳಿದೆರಡು ತಂಡಗಳು ಮೇಲಿರುತ್ತಿದ್ದವು. ದಿನದ ಯಾವ ಹೊತ್ತಿನಲ್ಲಿ ಶಾಲೆಯಲ್ಲಿ ಹಾಡಿಸಿದರೂ, ಲೈನಿನಲ್ಲಿ ಚಪ್ಪರ ಹಾಕಿದರೂ, ಊರಿನ ಗಂಡಸರಲ್ಲಿ ಒಂದು ದೊಡ್ಡ ಪಾಲು ನೆಲದ ಮೇಲೆ ಇದ್ದೇ ಇರುತ್ತಿತ್ತು. ಈ ಪಾಳಿ ತಪ್ಪಿದವನು ತಾಲೀಮಿನ ದಿನ ನೋಡುತ್ತಿದ್ದ. ಕೆಲಸದ ಜಾಗ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಪಾಳಿ ಮುಗಿಸಿ ಮೇಲೆ ಬಂದವನು ಮೈ ತೊಳೆದುಕೊಂಡು ಮಗಳ ಕುಣಿತ ನೋಡಲು ಬರುವುದು ಅರ್ಧ ಗಂಟೆಯ ಮಾತು. ಗಣಿಯ ಕೆಲಸ ಕ್ರೂರವಾದದ್ದು. ಬಂಡೆ ಸಿಡಿದು ಸತ್ತವರು, ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಮನೆಮನೆಯಲ್ಲಿದ್ದರು. ಆ ಕಾಲವನ್ನು ಹೊಗಳುವುದು ತಪ್ಪಾಗುತ್ತದೆ. ಆದರೂ ಮಕ್ಕಳ ಎದುರು ಕೂರಲು ಅದು ಗಂಡಸರಿಗೆ ಬಿಡುವು ಬಿಟ್ಟಿತ್ತೆಂಬುದು ನಿಜ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರು ಖಾಲಿಯಾಗಲಿಲ್ಲ, ಊರಿನ ಹೊತ್ತು ಬದಲಾಯಿತು. ಕೆಲಸ ಹುಡುಕಿದವರಿಗೆ ಬೆಂಗಳೂರೇ ಗತಿ. ಬೆಂಗಳೂರಿಗೆ ಹೋಗುವ ದಾರಿ ಗಣಿಗಾಗಿ ಹಾಕಿದ ಅದೇ ರೈಲು ಕವಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮೊದಲೇ ಸಾವಿರಾರು ಜನ ರೈಲು ಹತ್ತುತ್ತಾರೆ. ಬಂಗಾರಪೇಟೆಯಲ್ಲಿ ಇನ್ನಷ್ಟು ಜನ. ಎಪ್ಪತ್ತು ಕಿಲೋಮೀಟರು ಆಚೆ ದುಡಿದು, ಕತ್ತಲಾದ ಮೇಲೆ ಮರಳುತ್ತಾರೆ. ಮೂರು ಪಾಳಿಯ ಊರು ಒಂದೇ ಪಾಳಿಯ ಊರಾಯಿತು. ಆ ಒಂದು ಪಾಳಿಯಲ್ಲಿ ಗಂಡಸರ ಜೊತೆ ಹೆಂಗಸರೂ ಹೊರಟರು, ಬಟ್ಟೆ ಹೊಲಿಯುವ ಕಾರ್ಖಾನೆಗೆ, ಅಂಗಡಿಗೆ, ಆಸ್ಪತ್ರೆಯ ಕೆಲಸಕ್ಕೆ. ಸಂಜೆ ಐದಕ್ಕೆ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದಾಗ ಆ ಕುರ್ಚಿಯಲ್ಲಿ ಕೂರಬೇಕಾದವರು ವೈಟ್‌ಫೀಲ್ಡ್ ದಾಟಿರುವುದಿಲ್ಲ. ಅವರ ಬದಲು ಅಜ್ಜಿಯರು ಬಂದಿರುತ್ತಾರೆ. ಪಕ್ಕದ ಮನೆಯವರು ಮೊಬೈಲಿನಲ್ಲಿ ಚಿತ್ರ ಹಿಡಿದು ಕಳಿಸುತ್ತಾರೆ; ತಾಯಿ ಅದನ್ನು ರೈಲಿನಲ್ಲೇ, ನಿಂತುಕೊಂಡು, ಅಂಗೈಯಗಲದ ಪರದೆಯ ಮೇಲೆ ನೋಡುತ್ತಾಳೆ. ಆಸಕ್ತಿಯಿಲ್ಲವೆಂದು ಆ ತಾಯಿಯನ್ನು ಬೈಯುವವರು ಒಂದು ದಿನ ಆ ರೈಲಿನಲ್ಲಿ ನಿಂತು ಬರಬೇಕು.

ಮೊಬೈಲಿನ ಚಿತ್ರದ ಬಗ್ಗೆ ಒಂದು ಮಾತು. ಅದರಲ್ಲಿ ಕಾಣುವುದು ತನ್ನ ಮಗು ಮಾತ್ರ. ಎಂಟು ಮಕ್ಕಳ ಕೋಲಾಟದಲ್ಲಿ ಚಿತ್ರ ಹಿಡಿಯುವವರು ಒಬ್ಬಳನ್ನೇ ಹಿಂಬಾಲಿಸುತ್ತಾರೆ. ಅವಳು ಕೋಲು ಹೊಡೆದದ್ದು ಯಾರ ಕೋಲಿಗೆ ಎಂಬುದೇ ಕಾಣುವುದಿಲ್ಲ. ಕೋಲಾಟದ ಅಂದವೆಲ್ಲ ಜೋಡಿ ಬದಲಾಗುವುದರಲ್ಲಿದೆ. ಕೇಳಿಕೆಯ ಊರಿಗೆ ಎಲ್ಲರ ಮಾತೂ ಬರುತ್ತಿತ್ತು ಎಂದೆವಲ್ಲ, ಅದರ ಎದುರು ಇದನ್ನು ಇಟ್ಟು ನೋಡಿ.

ಇನ್ನು, ಸಂಗೀತ ಕಾಯುವ ವಿಷಯ. ಶಾಲೆಯ ಕುಣಿತಗಳು ಈಗ ಬಹುಮಟ್ಟಿಗೆ ಧ್ವನಿಮುದ್ರಿತ ಹಾಡಿಗೆ. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವು. ಸಿನಿಮಾ ಹಾಡು ಎಂದು ಮೂಗು ಮುರಿಯುವವರಿದ್ದಾರೆ. ಹಾಡು ಸಿನಿಮಾದ್ದೋ ದಾಸರದ್ದೋ ಎಂಬುದು ಎರಡನೆಯ ಮಾತು; ಮೊದಲನೆಯದು, ಯಂತ್ರದ ಹಾಡು ಯಾರಿಗೂ ಕಾಯುವುದಿಲ್ಲ. ಹುಡುಗ ಒಂದು ಹೆಜ್ಜೆ ತಪ್ಪಿದರೆ ಹಾಡು ಮುಂದೆ ಓಡಿರುತ್ತದೆ, ಅವನು ಪಕ್ಕದವನನ್ನು ನೋಡಿ ಓಡಬೇಕು. ವೇದಿಕೆಯ ಕೆಳಗೆ ನಿಂತು ಅದೇ ಹೆಜ್ಜೆಗಳನ್ನು ಹಾಕುವ ಟೀಚರ ಕಡೆ ಎಲ್ಲ ಮಕ್ಕಳ ಕಣ್ಣೂ ನೆಟ್ಟಿರುವುದು ಇದರಿಂದ. ಪ್ರೇಕ್ಷಕರಿಗೆ ಸಿಗಬೇಕಾದ ಮುಖ ಟೀಚರಿಗೆ ಸಿಗುತ್ತದೆ. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಎಂಬ ಸಿನಿಮಾ ಬಂತು. ಗಣಿಯ ಸಯನೈಡ್ ದಿಬ್ಬಗಳ ಮೇಲೆ ಅದರ ಚಿತ್ರೀಕರಣ ನಡೆದಿತ್ತು. ಕಥೆ ಕಲ್ಪಿತ, ಅದರೊಳಗಿನ ಗಣಿಯೂ ಕಲ್ಪಿತ. ಆದರೆ ಆ ದಿಬ್ಬಗಳ ನೆರಳಿನಲ್ಲಿ ಹುಟ್ಟಿದ ಮಕ್ಕಳು ಆ ಹಾಡಿಗೆ ಕುಣಿಯುವಾಗ, ತಾತ ನಿಜವಾಗಿ ಇಳಿದಿದ್ದ ಗಣಿಗೆ ಹಾಡಿಲ್ಲವಲ್ಲ ಎಂದು ಯಾರಿಗಾದರೂ ಅನ್ನಿಸದಿರದು.

ಶಾಸ್ತ್ರೀಯ ನೃತ್ಯ ಕಲಿಯುವ ಮಕ್ಕಳ ವಿಷಯಕ್ಕೆ ಬರೋಣ, ಏಕೆಂದರೆ ಬಂಗಾರಪೇಟೆಯಂಥ ಊರಿನಲ್ಲೂ ಈಗ ಭರತನಾಟ್ಯದ ತರಗತಿಗಳಿಗೆ ಮಕ್ಕಳನ್ನು ಕಳಿಸುವವರು ಬಹಳ. ಆ ಕಲೆಗೆ ಈ ಜಿಲ್ಲೆ ಹೊರಗಿನದೇನಲ್ಲ; ಮೈಸೂರು ಸೀಮೆಯ ನಾಟ್ಯಾಚಾರ್ಯರ ಸಾಲಿನಲ್ಲಿ ಕೋಲಾರ ಪುಟ್ಟಪ್ಪನವರ ಹೆಸರಿದೆ. ಮಗು ಮೊದಲು ಪ್ರದರ್ಶಿಸುವುದು ಸಾಮಾನ್ಯವಾಗಿ ಅಲರಿಪು. ತಂಜಾವೂರಿನ ನಾಲ್ವರು ಸಹೋದರರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಚೇರಿಗೆ ಒಂದು ಕ್ರಮ ಹಾಕಿಕೊಟ್ಟರು. ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವರು. ಆ ಕ್ರಮದ ಮೊದಲ ಮೆಟ್ಟಿಲು ಅಲರಿಪು. ಅದರಲ್ಲಿ ಕಥೆಯಿಲ್ಲ, ಸಾಹಿತ್ಯವಿಲ್ಲ, ದೇವರೂ ಇಲ್ಲ, ಕೆಲವೇ ನಿಮಿಷ. ಕಣ್ಣು, ಕತ್ತು, ಭುಜ, ಕೈ, ಮಂಡಿ ಒಂದೊಂದಾಗಿ ಅರಳುತ್ತವೆ. ಕಥೆ ಹುಡುಕುವ ಪ್ರೇಕ್ಷಕನಿಗೆ ಬೇಸರ. ನೋಡಬೇಕಾದದ್ದು ಮಂಡಿಯನ್ನು. ಅರೆಮಂಡಿಯಲ್ಲಿ ಕೂತ ಮಗು ಮೂರನೆಯ ಆವರ್ತಕ್ಕೆ ಬರುವ ಹೊತ್ತಿಗೆ ಮೆಲ್ಲನೆ ಮೇಲೇಳುತ್ತದೆ. ತೊಡೆ ಉರಿಯುತ್ತಿರುತ್ತದೆ, ಯಾರೂ ನೋಡುತ್ತಿಲ್ಲವೆಂದು ಎರಡು ಅಂಗುಲ ಕದಿಯುತ್ತದೆ. ಕದಿಯದ ಮಗು ಸಾವಿರಕ್ಕೆ ಒಂದು. ಹೋದ ವರ್ಷ ಎರಡು ಅಂಗುಲ ಕದ್ದವಳು ಈ ವರ್ಷ ಒಂದೇ ಅಂಗುಲ ಕದ್ದರೆ ಅದು ಆ ಸಂಜೆಯ ದೊಡ್ಡ ಸುದ್ದಿ. ಪಕ್ಕದಲ್ಲಿ ಕೂತು ತಾಳ ಹಾಕುವ ಗುರುವಿಗೆ ಇದು ಕಾಣುತ್ತದೆ. ಕಾಲ ಕೊಂಚ ತಗ್ಗಿಸಿ ಶಿಷ್ಯೆಗೆ ಉಸಿರು ಕೊಡುವುದೂ ಅವರ ಕೈಯಲ್ಲಿದೆ. ನಟ್ಟುವಾಂಗದ ಬದಲು ಪೆನ್‌ಡ್ರೈವು ಬಂದರೆ ಆ ಉಸಿರು ಇಲ್ಲ.

ಸಂಗೀತದಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪಾಠಕ್ರಮ ಎಲ್ಲರಿಗೂ ಗೊತ್ತು: ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು. ಸರಳೆ ವರಸೆಯನ್ನು ವೇದಿಕೆಯ ಮೇಲೆ ಹಾಡಿಸಿದರೆ ಪೋಷಕರು ಮುನಿಸಿಕೊಳ್ಳುತ್ತಾರೆ. ಆರು ತಿಂಗಳಾಯಿತು, ಇನ್ನೂ ದೇವರನಾಮ ಹೇಳಿಕೊಟ್ಟಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಸಂಗೀತದ ಮೇಷ್ಟ್ರು ಮಗುವಿನ ಶ್ರುತಿಗೆ ನಿಲುಕದ ಹಾಡೊಂದನ್ನು ಕೊಡುತ್ತಾರೆ. ಅದು ಚಪ್ಪಾಳೆ ತರುತ್ತದೆ, ಆರು ತಿಂಗಳ ಪಾಠ ಕೆಡುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಮೂರು ಹಂತದ ಪರೀಕ್ಷೆಗಳು ಬಹುಕಾಲದಿಂದ ಇವೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಪರೀಕ್ಷಕರು ಕೇಳುತ್ತಾರೆಯೇ ಹೊರತು ಊರು ಕೇಳುವುದಿಲ್ಲ. ಹತ್ತು ಮಕ್ಕಳು ಒಟ್ಟಿಗೆ ಅಲಂಕಾರವನ್ನು ಮೂರು ಕಾಲದಲ್ಲಿ ತಾಳ ತಪ್ಪದೆ ಹಾಡುವುದು ಎಷ್ಟು ಸೊಗಸೆಂಬುದು ಕೇಳಿದವರಿಗೆ ಮಾತ್ರ ಗೊತ್ತು.

ಭಾಷೆಯ ಮಾತು ಬಿಟ್ಟು ಈ ಊರಿನ ವೇದಿಕೆಯ ಬಗ್ಗೆ ಮಾತಾಡಲು ಬರುವುದಿಲ್ಲ. ಗಣಿಯ ಮನೆಗಳಲ್ಲಿ ತಮಿಳು, ಬೇತಮಂಗಲ, ಬೂದಿಕೋಟೆ ಕಡೆಯ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ, ಪೇಟೆಯಲ್ಲಿ ಉರ್ದು, ತರಗತಿಯಲ್ಲಿ ಬಹಳ ಕಡೆ ಇಂಗ್ಲಿಷ್. ನವೆಂಬರ್ ಒಂದರಂದು ಇವರೆಲ್ಲ ಒಟ್ಟಿಗೆ ನಿಂತು, 2004ರಲ್ಲಿ ಅಧಿಕೃತವಾದ ಕುವೆಂಪು ಅವರ ನಾಡಗೀತೆಯನ್ನು ಹಾಡುತ್ತಾರೆ. ಹಾಡು ಬಂತೆಂದ ಮೇಲೆ ನಾಟಕವೂ ಬರುತ್ತದೆಂದು ಹೇಳಲಾಗದು. ಇಲ್ಲೊಂದು ವಿಚಿತ್ರವಿದೆ. ಮನೆಯಲ್ಲಿ ಕನ್ನಡವಾಡದ ಹುಡುಗನಿಗೆ ಪೌರಾಣಿಕ ನಾಟಕದ ದುರ್ಯೋಧನನಾಗುವುದು ಸುಲಭ. ಎಲೈ, ಭಳಿರೆ ಎಂಬ ಭಾಷೆ ಯಾರ ಮನೆಯದೂ ಅಲ್ಲ. ಎಲ್ಲರೂ ಅದನ್ನು ಕಲಿತೇ ಆಡಬೇಕು, ಕನ್ನಡದ ಹುಡುಗನೂ ತಮಿಳಿನ ಹುಡುಗನೂ ಒಂದೇ ಗೆರೆಯಿಂದ ಹೊರಡುತ್ತಾರೆ. ಕೈಲಾಸಂ ಬಂದಾಗ ತೊಡಕು. 1918ರಲ್ಲಿ ಬರೆದ ‘ಟೊಳ್ಳುಗಟ್ಟಿ’ ಶಾಲೆ ಕಾಲೇಜುಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಆಡಿದ ನಾಟಕ. ಪರೀಕ್ಷೆಯಲ್ಲಿ ಮುಂದಿರುವ ಮಗ ಟೊಳ್ಳು, ಹಿಂದಿರುವವನು ಗಟ್ಟಿ ಎಂಬ ಕಥೆ ವಿದ್ಯಾರ್ಥಿಗಳಿಗೆ ಹಿಡಿಸದೆ ಇರುತ್ತದೆಯೇ? ಆದರೆ ಅದರ ಭಾಷೆ ಬೆಂಗಳೂರಿನ ಒಂದು ಬಗೆಯ ಮನೆಗಳ ಆಡುಮಾತು. ಆ ಮಾತು ಬಾಯಿಗೆ ಸಹಜವಾಗಿ ಬರದಿದ್ದರೆ ನಗು ಹುಟ್ಟುವುದಿಲ್ಲ, ನಗೆಪಾಟಲಾಗುತ್ತದೆ.

ಆದ್ದರಿಂದ ಇಲ್ಲಿಯ ಪ್ರೇಕ್ಷಕ ಇನ್ನೊಂದನ್ನೂ ಕೇಳಿಸಿಕೊಳ್ಳಬೇಕು. ತಮಿಳು ಮನೆಯ ಹುಡುಗಿ ಕನ್ನಡದ ‘ಹ’ಕಾರವನ್ನೋ ಮಹಾಪ್ರಾಣವನ್ನೋ ಹಿಡಿಯಲು ಪಡುವ ಪಾಡು ತಪ್ಪಲ್ಲ, ಅದು ಅವಳು ನಡೆದ ದೂರ. ಅದಕ್ಕೆ ನಕ್ಕರೆ ಅವಳು ಮುಂದಿನ ವರ್ಷ ಕನ್ನಡ ನಾಟಕಕ್ಕೆ ಹೆಸರು ಕೊಡುವುದಿಲ್ಲ. ನಕ್ಕವರಿಗೆ ಇದೇ ಜಿಲ್ಲೆಯ ಮಾಸ್ತಿ ಗ್ರಾಮವನ್ನು ತೋರಿಸಬೇಕು: ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಕೈವಾರದ ನಾರೇಯಣ ಯತೀಂದ್ರರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಈ ಕಡೆಯ ಭಜನೆ ತಂಡಗಳು ಯಾವುದು ಯಾವ ಭಾಷೆಯೆಂದು ವಿಚಾರಿಸದೆ ಎರಡನ್ನೂ ಹಾಡುತ್ತವೆ. ಒಂದು ಭಾಷೆಯವರು ಇನ್ನೊಂದು ಭಾಷೆಯ ಆಟ ನೋಡುವುದು ಇಲ್ಲಿ ಹೊಸ ಸೌಹಾರ್ದ ಕಾರ್ಯಕ್ರಮವೇನಲ್ಲ, ಹಳೆಯ ಅಭ್ಯಾಸ.

ಸರ್ಕಾರದ ‘ಪ್ರತಿಭಾ ಕಾರಂಜಿ’ ಈ ಅಭ್ಯಾಸಕ್ಕೆ ಒಂದು ಜಾಗ ಕೊಟ್ಟಿದೆ ಎನ್ನಬೇಕು. ಈ ಶತಮಾನದ ಆರಂಭದಿಂದ ನಡೆಯುತ್ತಿರುವ ಅದರಲ್ಲಿ ಕಂಠಪಾಠದ ಸ್ಪರ್ಧೆ ಕನ್ನಡದಲ್ಲಷ್ಟೇ ಅಲ್ಲ, ತಮಿಳು, ತೆಲುಗು, ಉರ್ದುವಿನಲ್ಲೂ ಇದೆ. ಜಾನಪದ ನೃತ್ಯವಿದೆ, ಭಾವಗೀತೆಯಿದೆ, ಕವ್ವಾಲಿಯಿದೆ. ಬಡ ಶಾಲೆಯ ಮಗು ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಮಟ್ಟಕ್ಕೆ ಹೋಗಬಹುದು. ಒಳ್ಳೆಯ ಏರ್ಪಾಡು. ಆದರೆ ಅಲ್ಲಿ ನೋಡುವವರು ಯಾರು? ತೀರ್ಪುಗಾರರು ಮೂವರು, ತಮ್ಮ ಸರದಿ ಕಾಯುವ ಮಕ್ಕಳು, ಗಡಿಯಾರ ನೋಡುವ ಶಿಕ್ಷಕರು. ಶಾಲೆಯ ದಿನ, ಶಾಲೆಯ ಹೊತ್ತಿನಲ್ಲಿ ನಡೆಯುವುದರಿಂದ ಊರಿನವರು ಇರುವುದಿಲ್ಲ.

ಈ ಮಾತಿಗೆ ಹೋಲಿಕೆ ನೆರೆಯ ಕೇರಳದಲ್ಲಿ ಸಿಗುತ್ತದೆ. ಅಲ್ಲಿಯ ಶಾಲಾ ಕಲೋತ್ಸವ 1957ರ ಜನವರಿಯಲ್ಲಿ ಎರ್ನಾಕುಲಂನಲ್ಲಿ ಸಣ್ಣದಾಗಿ ಹುಟ್ಟಿ, ದೇಶದ ಅತಿ ದೊಡ್ಡ ವಿದ್ಯಾರ್ಥಿ ಕಲಾಮೇಳಗಳಲ್ಲೊಂದಾಗಿ ಬೆಳೆಯಿತು. ಅದರ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಇದೆ, ಕನ್ನಡ ಪದ್ಯ ವಾಚನವೂ ಇದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ರಾ‌ಜ್ಯದ ಎದುರು ತಮ್ಮ ಭಾಷೆಯಲ್ಲಿ ನಿಲ್ಲಲು ಅದು ಒಂದು ದೊಡ್ಡ ಅವಕಾಶ. 2019ರಲ್ಲಿ ಮೇಳ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಅಲ್ಲಿ ಪ್ರೇಕ್ಷಕರ ಕೊರತೆಯಿಲ್ಲ, ಜನ ಸಂತೆಯಂತೆ ನೆರೆಯುತ್ತಾರೆ, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಅಲ್ಲಿಯ ತೊಂದರೆ ಬೇರೆ: ಗೆದ್ದವರಿಗೆ ಪರೀಕ್ಷೆಯಲ್ಲಿ ಕೃಪಾಂಕ ಸಿಗತೊಡಗಿದ ಮೇಲೆ ತೀರ್ಪಿನ ವಿರುದ್ಧ ಮೇಲ್ಮನವಿಗಳು, ನ್ಯಾಯಾಲಯದ ಆದೇಶಗಳು, ವೇಷಭೂಷಣಕ್ಕೆ ಸಾಲ. ತುಂಬಿದ ಸಭೆಯೂ ಅಂಕದ ಪಟ್ಟಿ ಹಿಡಿದು ಕೂತರೆ ಅದು ಕೇಳಿಕೆಯ ಊರಾಗುವುದಿಲ್ಲ.

ಅಂಕವಿಲ್ಲದೆ, ಗಡಿಯಾರವಿಲ್ಲದೆ ನೋಡುವ ಒಂದು ಪ್ರಯತ್ನ ಇದೇ ಜಿಲ್ಲೆಯಲ್ಲಿ ನಡೆದಿದೆ. ಕೋಲಾರದ ಬಳಿ ತೇರಹಳ್ಳಿ ಬೆಟ್ಟದ ಮೇಲೆ, ಕವಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಈ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ‘ಆದಿಮ’ ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಅಲ್ಲಿ ‘ಹುಣ್ಣಿಮೆ ಹಾಡು’ ಎಂದು ಹುಣ್ಣಿಮೆಯ ಇರುಳು ಬಯಲಿನಲ್ಲಿ ಹಾಡು, ತಮಟೆ, ನಾಟಕ ಆರಂಭವಾಯಿತು. ಊರುಗಳ ತಂಡಗಳೂ ಮಕ್ಕಳೂ ಬಂದು ಆಡಿದ್ದಾರೆ. ಇದರ ಬುದ್ಧಿವಂತಿಕೆ ದಿನವನ್ನು ಆರಿಸಿದ್ದರಲ್ಲಿದೆ. ಹುಣ್ಣಿಮೆ ಯಾರ ಪಂಚಾಂಗದಲ್ಲೂ ತಪ್ಪುವುದಿಲ್ಲ. ಆಹ್ವಾನ ಪತ್ರಿಕೆ ಹಂಚಬೇಕಾಗಿಲ್ಲ. ಹೋದ ತಿಂಗಳು ಬಂದವನು ಈ ತಿಂಗಳೂ ಬರಬಲ್ಲ. ವರ್ಷಕ್ಕೊಮ್ಮೆ ಒಂದು ದೊಡ್ಡ ಸಭೆ ನಡೆಸುವುದಕ್ಕಿಂತ ತಿಂಗಳಿಗೊಮ್ಮೆ ಐವತ್ತು ಜನ ಕೂರುವುದು ಕಲಿಯುವವರಿಗೆ ಹೆಚ್ಚು ಉಪಯೋಗ.

ಬೆಟ್ಟ ಹತ್ತುವುದು ಎಲ್ಲ ಶಾಲೆಗಳಿಗೆ ಸಾಧ್ಯವಿಲ್ಲ. ಆದರೆ ಇಲ್ಲಿ ಸೇರಿರುವ ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿಯವರ ಕೈಯಲ್ಲಿರುವ ಸಂಗತಿಗಳೂ ಇವೆ, ಅವಕ್ಕೆ ಕಾಸಿನ ಖರ್ಚಿಲ್ಲ. ವಾರ್ಷಿಕೋತ್ಸವವನ್ನು ಶನಿವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಗೆ ತಂದರೆ ರೈಲಿನವರಲ್ಲಿ ಬಹುಪಾಲು ಊರಿನಲ್ಲಿರುತ್ತಾರೆ. ಅದಕ್ಕೆ ಮೊದಲಿನ ಎರಡು ಭಾನುವಾರ ತಾಲೀಮನ್ನು ಅಂಗಳದಲ್ಲೇ ನಡೆಸಿ ಗೇಟು ತೆರೆದಿಡಬಹುದು. ಬಣ್ಣವಿಲ್ಲದೆ, ಮನೆಯ ಬಟ್ಟೆಯಲ್ಲಿ, ತಪ್ಪಿ ನಿಂತು ಮತ್ತೆ ಶುರುಮಾಡುವ ಮಕ್ಕಳನ್ನು ನೋಡಲು ತಂದೆತಾಯಂದಿರು ಬರುತ್ತಾರೆಯೇ ಎಂಬ ಅನುಮಾನ ಬೇಡ, ಒಮ್ಮೆ ಕರೆದು ನೋಡಿ. ಹತ್ತು ಕುಣಿತಗಳಲ್ಲಿ ಮೂರಕ್ಕಾದರೂ ಹಾಡುವವರು, ಬಾರಿಸುವವರು ಮಕ್ಕಳೇ ಆಗಿರಲಿ. ತಮಟೆ ಬಲ್ಲ ಹುಡುಗನಿಲ್ಲದ ಶಾಲೆ ಈ ತಾಲ್ಲೂಕಿನಲ್ಲಿ ಇರಲಾರದು. ಮುಖ್ಯ ಅತಿಥಿಗಳ ಭಾಷಣ ಬೇಡವೆನ್ನುವಷ್ಟು ಧೈರ್ಯ ಯಾವ ಆಡಳಿತ ಮಂಡಳಿಗೂ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಆಹ್ವಾನ ಪತ್ರಿಕೆಯ ಆ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎಳೆದು ಸಾಂಸ್ಕೃತಿಕ ಕಾರ್ಯಕ್ರಮವನ್ನು ಮೊದಲು, ಭಾಷಣವನ್ನೂ ಬಹುಮಾನ ವಿತರಣೆಯನ್ನೂ ಕೊನೆಗೆ ಅಚ್ಚು ಹಾಕಿಸಿದರೆ ಸಾಕು. ಬಹುಮಾನ ಕೊಡಬೇಕಾದವರು ಅಲ್ಲಿಯವರೆಗೆ ಕೂತಿದ್ದು ಮಕ್ಕಳನ್ನು ನೋಡಲೇಬೇಕಾಗುತ್ತದೆ.